ಹಳೆಯ ಹಾಳೆ: ಓದುಗರ ಪ್ರಶ್ನೆ, ಬೈಂಡರನ ಉತ್ತರ

ಪ್ರಶ್ನೆ: ಉತ್ತರ ಭಾರತದ ಪ್ರವಾಸದಲ್ಲಿ ಅರಬ್ಬಿ ಲಿಪಿಯ ಹಾಳೆಯೊಂದನ್ನು ನಾಲ್ಕು ಸಾವಿರ ರೂಪಾಯಿಗೆ ಕೊಂಡೆ. ಮುನ್ನೂರು ವರ್ಷ ಹಳೆಯ ಕುರಾನ್ ಪುಟ ಎಂದರು. ನಡುವೆ ಆನೆಯ ಮೇಲೆ ಕುಳಿತ ರಾಜನ ಚಿತ್ರವಿದೆ. ಫೋಟೊ ಕಳಿಸಿದ್ದೇನೆ. ಅಸಲಿಯೇ?
– ಸಾಗರದ ಓದುಗರು

ಉತ್ತರ: ಆನೆಯೇ ಉತ್ತರ ಹೇಳುತ್ತಿದೆಯಲ್ಲ! ಕುರಾನ್ ಪ್ರತಿಯಲ್ಲಿ ಮನುಷ್ಯರ, ಪ್ರಾಣಿಗಳ ಚಿತ್ರ ಬರೆಯುವ ವಾಡಿಕೆ ಇಲ್ಲ. ಹೂಬಳ್ಳಿ, ಚಿನ್ನದ ಗೆರೆ, ವಾಕ್ಯ ಮುಗಿದಲ್ಲಿ ಒಂದು ದುಂಡು ಹೂವು, ಅಲಂಕಾರವೆಂದರೆ ಇಂಥವೇ. ಫೋಟೊ ಹಿಗ್ಗಿಸಿ ನೋಡಿದೆ. ಸೊಂಡಿಲು ಮೂರು ಸಾಲುಗಳ ಮೇಲೆ ಹಾದುಹೋಗಿದೆ. ಬಣ್ಣದ ಅಡಿಯಿಂದ ಅಕ್ಷರ ಇಣುಕುತ್ತಿದೆ. ನಿಜವಾದ ಚಿತ್ರಿತ ಪ್ರತಿಯಲ್ಲಿ ಲಿಪಿಕಾರ ಚಿತ್ರಕ್ಕೆಂದು ಜಾಗ ಬಿಟ್ಟೇ ಬರೆಯುತ್ತಿದ್ದ. ಫಾರಸಿ ಬಲ್ಲ ಗೆಳೆಯರಿಗೆ ತೋರಿಸಿದರೆ, ಅದು ಮಕ್ಕಳ ವ್ಯಾಕರಣ ಪಾಠವಂತೆ, ಕ್ರಿಯಾಪದಗಳ ಪಟ್ಟಿ. ಕಾಗದ ಹಳೆಯದು, ಆನೆ ಹೊಸದು.

ಬೇಸರ ಬೇಡ. ಗಾಂಧಿ ಬಜಾರಿನ ಬಳಿ ಬೈಂಡಿಂಗ್ ಅಂಗಡಿ ಇಟ್ಟ ಹೊಸತರಲ್ಲಿ ನಾನೂ ಒಬ್ಬ ಗುಜರಿಯವನಿಂದ ‘ಕೈಬರಹದ’ ಹಾಳೆಗಳ ಕಟ್ಟು ಕೊಂಡಿದ್ದೆ. ಎರಡು ತಿಂಗಳು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದೆ. ಆಮೇಲೆ ಗೊತ್ತಾಯಿತು, ಅದು ಕಲ್ಲಚ್ಚು. ಅಲ್ಲಿ ಬರೆದವನು ನಿಜವಾದ ಲಿಪಿಕಾರನೇ; ಅವನ ಬರಹವನ್ನು ಕಲ್ಲಿಗೆ ಇಳಿಸಿ ನೂರಾರು ಪ್ರತಿ ತೆಗೆಯುತ್ತಿದ್ದರು. ಲಖನೌದಲ್ಲಿ 1858ರಲ್ಲಿ ಶುರುವಾದ ನವಲ್ ಕಿಶೋರ್ ಮುದ್ರಣಾಲಯ ಹೀಗೆ ಅಚ್ಚು ಹಾಕಿದ ಅರಬ್ಬಿ, ಫಾರಸಿ, ಉರ್ದು ಪುಸ್ತಕಗಳಿಗೆ ಲೆಕ್ಕವಿಲ್ಲ. ಈಗ ನಾನು ಮೊದಲು ಭೂತಗನ್ನಡಿ ಹಿಡಿಯುತ್ತೇನೆ. ಜೊಂಡಿನ ಲೇಖನಿ ಮಸಿಯಲ್ಲಿ ಅದ್ದಿದಾಗ ಅಕ್ಷರ ಕಡುಕಪ್ಪು, ಮಸಿ ತೀರುತ್ತ ಬಂದಂತೆ ತಿಳಿ. ಕಲ್ಲಚ್ಚಿನಲ್ಲಿ ಈ ಏರಿಳಿತ ಇರುವುದಿಲ್ಲ. ಆಮೇಲೆ ಹಾಳೆಯನ್ನು ಓರೆ ಬೆಳಕಿಗೆ ಹಿಡಿಯಬೇಕು. ಹಲಗೆಗೆ ದಾರ ಬಿಗಿದು, ಅದರ ಮೇಲೆ ಕಾಗದ ಇಟ್ಟು ಬೆರಳಿನಿಂದ ಉಜ್ಜಿ ಸಾಲಿನ ಗುರುತು ಮೂಡಿಸುತ್ತಿದ್ದರು. ಆ ಹಲಗೆಗೆ ಮಿಸ್ತರ ಎಂದು ಹೆಸರು. ದಾರದ ತಗ್ಗು ಕಣ್ಣಿಗೆ ಬಿತ್ತೆಂದರೆ ಅರ್ಧ ಗೆದ್ದಂತೆ.

ಪ್ರಶ್ನೆ: ತಾತನ ಕಾಲದ ಕುರಾನ್ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಆಷಾಢ ಬಂದರೆ ಬೂಷ್ಟು. ಬರಹದ ಸುತ್ತ ಇರುವ ಹಸಿರು ಗೆರೆಯ ಉದ್ದಕ್ಕೂ ಸೀಳು ಬಿಟ್ಟಿದೆ. ಲ್ಯಾಮಿನೇಷನ್ ಮಾಡಿಸಬಹುದೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡವೇ ಬೇಡ. ಪ್ಲಾಸ್ಟಿಕ್ ಹಾಕಿದ ಮೇಲೆ ಬಿಡಿಸಲಾಗದು. ಸೀಳಿಗೆ ಸೆಲ್ಲೋಟೇಪನ್ನೂ ಹಚ್ಚಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.

ಹಸಿರು ಗೆರೆ ತಾಮ್ರದ ಕಿಲುಬಿನಿಂದ ಮಾಡಿದ ಬಣ್ಣ. ಕೊಳೆರೋಗಕ್ಕೆ ಮೈಲುತುತ್ತ ಸಿಂಪಡಿಸುವ ನಮಗೆ ತಾಮ್ರವೆಂದರೆ ಅಡಿಕೆಯನ್ನು ಕಾಯುವ ದೇವರು. ಅದೇ ತಾಮ್ರ ಕಾಗದವನ್ನು ತಿನ್ನುತ್ತದೆ, ತೇವದಲ್ಲಿ ಇನ್ನೂ ಬೇಗ. ಕೊನೆಗೆ ಚೌಕಟ್ಟು ಒಂದು ಕಡೆ, ಬರಹ ಒಂದು ಕಡೆ ಆಗುತ್ತದೆ. ಆದ್ದರಿಂದ ಹಾಳೆಯನ್ನು ಗೋಡೆಯಿಂದ ಇಳಿಸಿ. ಗಾಜು ಕಾಗದಕ್ಕೆ ತಾಗಿದ್ದರೆ ಬೂಷ್ಟಿಗೆ ಹಬ್ಬ. ಬಿಸಿಲಿಗೆ ಒಣಹಾಕಬೇಡಿ, ಫ್ಯಾನಿನ ಗಾಳಿ ಆಡುವ ಕೋಣೆ ಸಾಕು. ಚೆನ್ನಾಗಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಣ್ಣದ ಗೆರೆ ಮುಟ್ಟದಂತೆ, ಮೆತ್ತನೆಯ ಕುಂಚದಿಂದ ಬೂಷ್ಟು ಸವರಿ ತೆಗೆಯಿರಿ. ಒದ್ದೆ ಬಟ್ಟೆ ಮಾತ್ರ ತಾಗಬಾರದು. ದೀಪದ ಕಾಡಿಗೆಗೆ ಗೋಂದು ಬೆರೆಸಿ ಮಾಡಿದ ಮಸಿ ನೀರಿಗೆ ಕರಗುತ್ತದೆ. ಆಮ್ಲರಹಿತ ಕಾಗದದ ನಡುವೆ ಮಲಗಿಸಿ, ಗಟ್ಟಿ ಪೆಟ್ಟಿಗೆಯಲ್ಲಿ ಇಡಿ.

ಹುಳುಗಳ ಕಾಟ ಆ ಕಾಲದ ಲಿಪಿಕಾರರಿಗೂ ಇತ್ತು. ನಾವು ಓಲೆಗರಿಯ ಕಟ್ಟಿನಲ್ಲಿ ಬಜೆ, ಬೇವಿನೆಲೆ ಇಟ್ಟಂತೆ, ಎಷ್ಟೋ ಅರಬ್ಬಿ, ಫಾರಸಿ ಪುಸ್ತಕಗಳ ಮೊದಲ ಪುಟದಲ್ಲಿ ‘ಯಾ ಕಬೀಕಜ್’ ಎಂದು ಬರೆದಿರುತ್ತದೆ. ಹುಳುಗಳ ಒಡೆಯನಿಗೆ ಸಲ್ಲಿಸಿದ ಅರ್ಜಿ ಅದು. ಆ ಸಾಲಿನ ನಡುವೆಯೇ ತೂತು ಕೊರೆದ ಹಾಳೆಯನ್ನೂ ಕಂಡಿದ್ದೇನೆ.

ಪ್ರಶ್ನೆ: ಬಿದನೂರು ನಗರದ ಕಡೆಯ ನೆಂಟರ ಅಟ್ಟದಲ್ಲಿ ಫಾರಸಿ ಕೈಬರಹದ ಇಡೀ ಪುಸ್ತಕ ಸಿಕ್ಕಿದೆ. ಹಾಳೆ ಬಿಡಿಸಿ ಮಾರಿದರೆ ಹೆಚ್ಚು ದುಡ್ಡು ಎನ್ನುತ್ತಾನೆ ವ್ಯಾಪಾರಿ.
– ಹೊಸನಗರದ ಓದುಗರು

ಉತ್ತರ: 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರ ಎಂದು ಕರೆದ, ಆ ಸೀಮೆಯಲ್ಲಿ ಫಾರಸಿ ಸಿಕ್ಕಿದ್ದು ನನಗೆ ಆಶ್ಚರ್ಯವಲ್ಲ. ವ್ಯಾಪಾರಿ ಹೇಳಿದ್ದೂ ಸುಳ್ಳಲ್ಲ. ಇರಾನಿನ ದೊರೆ ಷಾ ತಹಮಾಸ್ಪನಿಗಾಗಿ ಬರೆದ, ಶಾಹನಾಮೆ ಎಂಬ ಫಾರಸಿ ಮಹಾಕಾವ್ಯದ ಪ್ರತಿಯಲ್ಲಿ 258 ಚಿತ್ರಗಳಿದ್ದವು. ಅಮೆರಿಕದ ಆರ್ಥರ್ ಹಾಟನ್ 1959ರಲ್ಲಿ ಅದನ್ನು ಕೊಂಡು, ಆಮೇಲೆ ಬಿಡಿಸಿದ. 78 ಚಿತ್ರಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋದವು, ಎಷ್ಟೋ ಹಾಳೆಗಳು ಬಿಡಿಬಿಡಿಯಾಗಿ ಮಾರಾಟವಾದವು. ಪುಸ್ತಕ ಕಟ್ಟಿ ಹೊಟ್ಟೆ ಹೊರೆದವನು ನಾನು, ಈ ಕತೆ ಹೇಳುವಾಗ ಈಗಲೂ ಕೈ ಬಿಗಿಯುತ್ತದೆ.

ನಿಮ್ಮ ಪುಸ್ತಕ ತೆರೆದು ಬಲಗಡೆಯ ಪುಟದ ಕೆಳಗೆ, ಎಡಮೂಲೆಯಲ್ಲಿ ನೋಡಿ. ಒಂಟಿ ಪದವೊಂದು ಇರಬಹುದು. ಎದುರು ಪುಟದ ಮೊದಲ ಪದವೇ ಅದು. ಪುಟಸಂಖ್ಯೆ ಇಲ್ಲದ ಕಾಲದಲ್ಲಿ ನನ್ನಂಥ ಬೈಂಡರನಿಗೆ ಹಾಳೆಗಳ ಅನುಕ್ರಮ ತಿಳಿಸುತ್ತಿದ್ದದ್ದು. ನನ್ನಲ್ಲಿರುವ ಒಂದೇ ಒಂದು ಅಸಲಿ ಹಾಳೆಯಲ್ಲಿ ಆ ಪದ ‘ಗುಫ್ತ್’, ಅಂದರೆ ‘ಹೇಳಿದ’. ಏನು ಹೇಳಿದ ಎಂಬುದು ಇನ್ಯಾರದೋ ಮನೆಯಲ್ಲಿದೆ.

ಕಾನೂನೂ ಇದೆ. 1972ರ ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಮಹತ್ವವುಳ್ಳ ಹಸ್ತಪ್ರತಿ ಪುರಾತನ ವಸ್ತು. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಚಿತ್ರವಿದ್ದರೆ ನೋಂದಣಿ ಕಡ್ಡಾಯ, ಖಾಸಗಿಯಾಗಿ ವಿದೇಶಕ್ಕೆ ಕಳಿಸುವಂತಿಲ್ಲ. ಮೊದಲು ವ್ಯಾಪಾರಿಯ ಪರವಾನಗಿ ಕೇಳಿ. ತೊಳೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಪುಸ್ತಕವನ್ನು ಸುತ್ತಿ, ಮಳೆಯಿಲ್ಲದ ದಿನ ಕೆಳದಿಯ ವಸ್ತುಸಂಗ್ರಹಾಲಯದವರಿಗೆ ತೋರಿಸಿ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ. ಸ್ಕೂಟರಿನ ಡಿಕ್ಕಿಯಲ್ಲಿ ಬೇಡ.