ಮೊದಲ ಪಾಸು ಸರಿಯಿಲ್ಲದಿದ್ದರೆ ಸ್ಮ್ಯಾಶ್ ಎಲ್ಲಿಂದ?

ಕರಾವಳಿಯ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕರು ಬರೆದ ಪತ್ರದ ಸಾರ: "ಅಂತರರಾಷ್ಟ್ರೀಯ ಟೂರ್ನಿಗೆ ಹೋಗುವ ಕಿರಿಯರ ವಾಲಿಬಾಲ್ ತಂಡಕ್ಕೆ ಎತ್ತರದ ಹುಡುಗರನ್ನೇ ಆರಿಸಿ, ಶಿಬಿರದ ಹೆಚ್ಚಿನ ಸಮಯವನ್ನು ಸ್ಮ್ಯಾಶ್ ಮತ್ತು ಬ್ಲಾಕಿಗೆ ಮೀಸಲಿಡಬೇಕಲ್ಲವೇ? ನಾವು ಸೋಲುವುದು ಎತ್ತರದ ಕೊರತೆಯಿಂದ ತಾನೆ? ನಮ್ಮಂಥ ಶಾಲೆಯ ಮಣ್ಣಿನ ಅಂಕಣದಲ್ಲಿ ಇದಕ್ಕೆ ಏನು ಮಾಡಬಹುದು?"

ಮಾನ್ಯರೇ,

ಎತ್ತರ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದರ ಕೊರತೆಯೇ ನಮ್ಮ ಸೋಲಿಗೆ ಕಾರಣ ಎಂಬ ಮಾತನ್ನು ಒಪ್ಪಲಾರೆ. 2003ರಲ್ಲಿ ಥಾಯ್ಲೆಂಡಿನಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಹುಡುಗರು ಬ್ರೆಜಿಲ್‌ನ ನಂತರ ಎರಡನೆಯ ಸ್ಥಾನ ಪಡೆದರು. 2009ರಲ್ಲಿ ಪುಣೆಯಲ್ಲಿ ನಡೆದ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೆಯವರಾದರು. ಎತ್ತರವೊಂದೇ ತಡೆಯಾಗಿದ್ದರೆ ಆ ಎರಡು ಸಾಧನೆಗಳು ಸಾಧ್ಯವಾಗುತ್ತಿರಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಶಿಬಿರದ ಸಮಯದ ದೊಡ್ಡ ಪಾಲು ಸಲ್ಲಬೇಕಾದದ್ದು ಎದುರಾಳಿಯ ಸರ್ವಿಸನ್ನು ಎತ್ತುವ ಮೊದಲ ಪಾಸಿಗೆ. ಗಂಟೆಗೆ 100 ಕಿ.ಮೀ. ವೇಗದ ಜಂಪ್ ಸರ್ವಿಸ್ 18 ಮೀಟರ್ ಉದ್ದದ ಅಂಕಣವನ್ನು ದಾಟಲು ಒಂದು ಸೆಕೆಂಡ್ ಕೂಡ ತೆಗೆದುಕೊಳ್ಳುವುದಿಲ್ಲ. ಫ್ಲೋಟ್ ಸರ್ವಿಸ್‌ನ ವೇಗ ಕಡಿಮೆಯಾದರೂ, ಚೆಂಡು ತಿರುಗದೆ ಬರುವುದರಿಂದ ಕೊನೆಯ ಗಳಿಗೆಯಲ್ಲಿ ಅತ್ತಿತ್ತ ವಾಲಿ ಕೈಯ ಲೆಕ್ಕ ತಪ್ಪಿಸುತ್ತದೆ. ಪಾಸು ನೆಟ್‌ನ ಹತ್ತಿರ, ಮಧ್ಯಕ್ಕಿಂತ ತುಸು ಬಲಕ್ಕೆ ಬಂದರೆ, ಹೊಡೆತಕ್ಕೆ ಚೆಂಡನ್ನು ಎತ್ತಿಕೊಡುವ ಲಿಫ್ಟರ್‌ನ ಮುಂದೆ ಎಲ್ಲ ದಾರಿಗಳೂ ತೆರೆದಿರುತ್ತವೆ: ಮಧ್ಯದಲ್ಲಿ ಕ್ವಿಕ್ (ಗಿಡ್ಡನೆಯ ಚೆಂಡಿಗೆ ತಟ್ಟನೆ ಹೊಡೆತ), ಹಿಂಬದಿಗೆ ಬ್ಯಾಕ್ ಸೆಟ್ (ಬೆನ್ನ ಹಿಂದಕ್ಕೆ ಎತ್ತಿಕೊಡುವ ಚೆಂಡು), ನೆಟ್‌ನಿಂದ ಮೂರು ಮೀಟರ್ ದೂರದ ಗೆರೆಯ ಹಿಂದಿನಿಂದ ಹೊಡೆತ. ಅದೇ ಪಾಸು ಮೂರು ಮೀಟರ್ ಹಿಂದೆ ಬಿದ್ದರೆ ಎಡತುದಿಗೆ ಎತ್ತರದ ಚೆಂಡು ಕೊಡುವುದಷ್ಟೇ ಉಳಿಯುತ್ತದೆ. ಅಲ್ಲಿ ಎದುರಾಳಿಯ ಇಬ್ಬರು, ಕೆಲವೊಮ್ಮೆ ಮೂವರು, ಬ್ಲಾಕಿಗೆ ಸಿದ್ಧವಾಗಿ ನಿಂತಿರುತ್ತಾರೆ. ಎತ್ತರದ ಹುಡುಗ ಸಿಕ್ಕಿಬೀಳುವುದು ಆ ಗೋಡೆಯ ಮುಂದೆ, ಮತ್ತು ನಾವು ನೋಡುವುದು ಅವನ ತಪ್ಪನ್ನು ಮಾತ್ರ. 1990ರ ದಶಕದ ಕೊನೆಯಲ್ಲಿ ಪ್ರತಿ ರ‍್ಯಾಲಿಗೂ (ಸರ್ವಿಸ್ ಯಾರದೇ ಇರಲಿ) ಅಂಕ ನೀಡುವ ಪದ್ಧತಿ ಬಂದ ಮೇಲೆ ಇಂಥ ಪ್ರತಿಯೊಂದು ತಪ್ಪಿಗೂ ನೇರವಾಗಿ ಬೆಲೆ ತೆರಬೇಕಾಗಿದೆ. ಅದೇ ಕಾಲಕ್ಕೆ ಲಿಬೆರೊ (ಹಿಂದಿನ ಸಾಲಿನಲ್ಲಿ ಪಾಸು ಮತ್ತು ರಕ್ಷಣೆಗೆಂದೇ ಇರುವ ಆಟಗಾರ) ಎಂಬ ಸ್ಥಾನ ಹುಟ್ಟಿದ್ದೂ ಆಕಸ್ಮಿಕವಲ್ಲ ಎಂದೇ ನನ್ನ ಎಣಿಕೆ.

ಆದ್ದರಿಂದ ಶಿಬಿರದಲ್ಲಿ, ಆಟಗಾರರು ಸರದಿಯಂತೆ ಸ್ಥಾನ ಬದಲಿಸಿದಾಗ ಉಂಟಾಗುವ ಆರೂ ರೊಟೇಷನ್‌ಗಳನ್ನು ಬೇರೆ ಬೇರೆಯಾಗಿ ಅಭ್ಯಾಸ ಮಾಡಿಸಬೇಕು. ಯಾವ ರೊಟೇಷನ್‌ನಲ್ಲಿ ತಂಡ ಸತತವಾಗಿ ಅಂಕ ಬಿಟ್ಟುಕೊಡುತ್ತದೆ ಎಂಬುದನ್ನು ಬರೆದಿಟ್ಟು, ಅಲ್ಲಿ ಯಾರು ಎಲ್ಲಿ ನಿಲ್ಲಬೇಕು, ಇಬ್ಬರ ನಡುವೆ ಬಂದ ಚೆಂಡು ಯಾರದು ಎಂಬುದು ಚರ್ಚೆಗೆ ಎಡೆಯಿಲ್ಲದಂತೆ ಇತ್ಯರ್ಥವಾಗಬೇಕು. ಪೈಪೋಟಿ ನೀಡಬಲ್ಲ ಹಿರಿಯ ಪುರುಷರ ತಂಡಗಳೊಡನೆ ಅಭ್ಯಾಸ ಪಂದ್ಯಗಳನ್ನು ಆಡಿಸುವುದು ಇದಕ್ಕೆ ಬಹಳ ಸಹಾಯಕ, ಏಕೆಂದರೆ ತಮ್ಮ ವಯಸ್ಸಿನವರ ಸರ್ವಿಸ್‌ಗೆ ಒಗ್ಗಿಹೋದ ಕೈಗಳು ಮೊದಲ ವಿದೇಶಿ ಪಂದ್ಯದಲ್ಲೇ ಕಂಗೆಡುತ್ತವೆ.

ನೀವು ಪ್ರಸ್ತಾಪಿಸದ ಒಂದು ವಿಷಯವನ್ನು ನಾನು ಹೇಳಲೇಬೇಕು. ಹದಿನಾರು ಹದಿನೇಳರ ಹುಡುಗರ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ದಿನಕ್ಕೆ ಎರಡು ಹೊತ್ತು ಲೆಕ್ಕವಿಲ್ಲದೆ ಜಿಗಿಸಿದರೆ ಮೊಣಕಾಲ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋಯತೊಡಗುತ್ತದೆ, ಆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಸ್ಥಾನ ಕಳೆದುಕೊಳ್ಳುವ ಭಯದಿಂದ ಹುಡುಗರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಜಿಗಿತಗಳನ್ನು ಎಣಿಸಿಡುವುದು, ಹೊರಡುವ ಕೊನೆಯ ವಾರದಲ್ಲಿ ಅವನ್ನು ಸ್ಪಷ್ಟವಾಗಿ ತಗ್ಗಿಸುವುದು ತರಬೇತುದಾರರ ಹೊಣೆ. ಪಾಸಿನ ಅಭ್ಯಾಸಕ್ಕೆ ಇದು ಅಡ್ಡಿಯಲ್ಲ, ಅದಕ್ಕೆ ಜಿಗಿಯಬೇಕಿಲ್ಲ.

ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಬೆಳೆದ ನಮ್ಮ ಹುಡುಗರಿಗೆ ಒಳಾಂಗಣದ ಸಿಂಥೆಟಿಕ್ ನೆಲ ಹೊಸದು. ಅಲ್ಲಿ ಗಾಳಿಯಿಲ್ಲ, ಆದರೆ ಮೇಲೆ ಛಾವಣಿಯ ದೀಪಗಳಿವೆ, ಕಾಲು ಹಿಡಿಯುವ ರೀತಿಯೂ ಬೇರೆ. ಶಿಬಿರವನ್ನು ಅಂಥ ನೆಲದ ಮೇಲೆಯೇ ನಡೆಸುವುದು ಅಗತ್ಯ.

ನಿಮ್ಮ ಶಾಲೆಯ ಅಂಕಣದ ವಿಷಯ. ನಿಮ್ಮಲ್ಲಿ ಗಟ್ಟಿಮುಟ್ಟಾದ ಒಂದು ಮೇಜು ಇದ್ದೇ ಇರುತ್ತದೆ. ಅದನ್ನು ನೆಟ್‌ನ ಆಚೆ ಮೂರು ಮೀಟರ್ ಗೆರೆಯ ಹಿಂದೆ ಇರಿಸಿ, ನೀವೇ ಅದರ ಮೇಲೆ ನಿಂತು ಹುಡುಗರತ್ತ ಬಿರುಸಾಗಿ ಸರ್ವಿಸ್ ಹೊಡೆಯಿರಿ. ದೂರ ಕಡಿಮೆಯಾದ್ದರಿಂದ ದೊಡ್ಡ ಟೂರ್ನಿಯ ವೇಗ ಅಲ್ಲಿಯೇ ಸಿಗುತ್ತದೆ. ಈಚೆ ಲಿಫ್ಟರ್ ನಿಲ್ಲುವ ಜಾಗದಲ್ಲಿ ಒಂದು ಬುಟ್ಟಿ ಇಟ್ಟು, ಹತ್ತು ಚೆಂಡುಗಳಲ್ಲಿ ಎಷ್ಟು ಅದರ ಹತ್ತಿರ ಬಿದ್ದವು ಎಂದು ಪ್ರತಿಯೊಬ್ಬನ ಹೆಸರಿನ ಮುಂದೆ ಬರೆದಿಡಿ. ಮೂರು ತಿಂಗಳ ನಂತರ ಆ ಪುಸ್ತಕದ ಲೆಕ್ಕವನ್ನು ನಮಗೆ ಕಳುಹಿಸಿದರೆ ಪತ್ರಿಕೆಯ ಈ ಅಂಕಣದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

— ಸಂಪಾದಕ