ಓದುಗರ ಪ್ರಶ್ನೆ: ಮೀನುಮರಿಯ ತಳಿ ಕೆಟ್ಟಿದೆಯೇ?

ಪ್ರಶ್ನೆ: ಕೃಷಿಹೊಂಡಕ್ಕೆ ಪ್ರತಿ ವರ್ಷ ಒಂದೇ ಕಡೆಯಿಂದ ರೋಹು ಮರಿ ತರುತ್ತೇನೆ. ಈಚೆಗೆ ತೂಕವೇ ಬರುತ್ತಿಲ್ಲ. ತಳಿ ಕೆಟ್ಟಿದೆಯೇ?
– ಓದುಗರು, ಚಿಂಚೋಳಿ

ಉತ್ತರ: ಕೆಟ್ಟಿರಬಹುದು. ಆದರೆ ಬೇಸಿಗೆಯಲ್ಲಿ ನೀರು ಇಳಿದರೆ, ಮೇವು ಸಾಲದಿದ್ದರೆ, ಮರಿ ಹೆಚ್ಚಾಗಿ ಬಿಟ್ಟಿದ್ದರೆ ಒಳ್ಳೆಯ ತಳಿಯೂ ಬೆಳೆಯುವುದಿಲ್ಲ. ಎರಡನ್ನೂ ಬೇರ್ಪಡಿಸಿ ನೋಡಲು ಒಂದು ಪರೀಕ್ಷೆ ಮಾಡಿ. ಸಂಬಂಧವಿಲ್ಲದ ಇನ್ನೊಂದು ಮರಿ ಕೇಂದ್ರದಿಂದ ಅದೇ ಅಳತೆಯ 100 ಮರಿ ತನ್ನಿ, ಹಳೆಯ ಕಡೆಯವೂ 100 ಇರಲಿ. ಒಂದು ಗುಂಪಿಗೆ ಹೊಟ್ಟೆಯಡಿಯ ಎಡ ರೆಕ್ಕೆ, ಇನ್ನೊಂದಕ್ಕೆ ಬಲ ರೆಕ್ಕೆ ಬುಡದಲ್ಲಿ ಕತ್ತರಿಸಿ. ಒಂದೇ ಗುಂಪಿಗೆ ಗುರುತು ಮಾಡಿದರೆ ಗಾಯದ ಪೆಟ್ಟು ಅದಕ್ಕೆ ಮಾತ್ರ ಬಿದ್ದು ಲೆಕ್ಕ ತಪ್ಪುತ್ತದೆ. ಎರಡನ್ನೂ ಒಂದೇ ದಿನ, ಒಂದೇ ಹೊಂಡಕ್ಕೆ ಬಿಡಿ. ಆರು ತಿಂಗಳ ಮೇಲೆ ಪ್ರತಿ ಗುಂಪಿನ ಕನಿಷ್ಠ 30 ಮೀನು ತೂಗಿ. ರೆಕ್ಕೆ ಮತ್ತೆ ಚಿಗುರಿದರೂ ಸೊಟ್ಟಗಿರುವುದರಿಂದ ಗುರುತು ಸಿಗುತ್ತದೆ. ಎರಡೂ ಗುಂಪು ಕುಗ್ಗಿದ್ದರೆ ದೋಷ ಹೊಂಡದ್ದು. ಹಳೆಯ ಗುಂಪು ಮಾತ್ರ ಹಿಂದೆ ಬಿದ್ದಿದ್ದರೆ ಮರಿಯ ಮೂಲ ಬದಲಿಸಿ.

ಪ್ರಶ್ನೆ: ಸಣ್ಣ ಮರಿ ಉತ್ಪಾದನಾ ಘಟಕ ಹಾಕುತ್ತಿದ್ದೇನೆ. 10 ಹೆಣ್ಣು, 2 ಗಂಡು ಸಾಕೇ?
– ಓದುಗರು, ಭಾಲ್ಕಿ

ಉತ್ತರ: ಮರಿಯ ಸಂಖ್ಯೆಗೆ ಸಾಕು, ತಳಿಗೆ ಖಂಡಿತ ಸಾಲದು. ರೋಹು ಹೆಣ್ಣು ಒಂದು ಕಿಲೋ ತೂಕಕ್ಕೆ 2ರಿಂದ 3 ಲಕ್ಷ ಮೊಟ್ಟೆ ಇಡುತ್ತದೆ. ನಾಲ್ಕು ಮೀನಿನಲ್ಲೇ ಇಡೀ ತಾಲೂಕಿಗೆ ಮರಿ ಕೊಡಬಹುದೆಂಬ ಆಸೆ ಹುಟ್ಟುವುದು ಇಲ್ಲೇ. ಆ ಮರಿಗಳೆಲ್ಲ ಅಣ್ಣ-ತಂಗಿಯರು. ಅವುಗಳಲ್ಲೇ ಮುಂದಿನ ತಾಯಿಮೀನು (ಮರಿ ಪಡೆಯಲು ಸಾಕುವ ಗಂಡು-ಹೆಣ್ಣು ಮೀನು) ಆರಿಸಿದರೆ ರಕ್ತಸಂಬಂಧದೊಳಗೇ ಕೂಡಿಕೆಯಾಗಿ ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತದೆ, ಬೆನ್ನು ಸೊಟ್ಟಗಿನ ಮರಿ ಹೆಚ್ಚುತ್ತವೆ, ಬೆಳವಣಿಗೆ ಕುಗ್ಗುತ್ತದೆ.

ಒಂದು ಪೀಳಿಗೆಯಲ್ಲಿ ಈ ಒಳಸಂಬಂಧ (ರಕ್ತಸಂಬಂಧದೊಳಗಿನ ಕೂಡಿಕೆ) ಎಷ್ಟು ಏರುತ್ತದೆಂದು ತಿಳಿಯಲು ಗಂಡಿನ ಸಂಖ್ಯೆಯನ್ನು 8ರಿಂದ ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿ. ಹೆಣ್ಣಿಗೂ ಹಾಗೇ ಮಾಡಿ ಎರಡನ್ನೂ ಕೂಡಿಸಿ. ನಿಮ್ಮ 10 ಹೆಣ್ಣು, 2 ಗಂಡಿಗೆ ಶೇ. 7.5 ಬರುತ್ತದೆ. ಅದೇ 12 ಮೀನು ಆರು-ಆರಾಗಿದ್ದರೆ ಸುಮಾರು ಶೇ. 4, 25-25 ಇದ್ದರೆ ಶೇ. 1. ಅಂದರೆ ಗಂಡು ಕಡಿಮೆ ಮಾಡಿ ಉಳಿಸುವ ಖರ್ಚು ಬಲು ದುಬಾರಿ. ಕರ್ನಾಟಕದ ಮರಿ ಕೇಂದ್ರಗಳ ಬಗ್ಗೆ 1990ರಲ್ಲಿ ಪ್ರಕಟವಾದ ಅಧ್ಯಯನ ಒಳಸಂಬಂಧದ ಏರಿಕೆಯನ್ನು ಶೇ. 2ರಿಂದ 17ರವರೆಗೆ ಅಂದಾಜಿಸಿತ್ತು. ಕಾಟ್ಲಾ, ರೋಹು, ಮೃಗಾಲ ಗಂಗೆಯ ಕಡೆಯ ಮೀನು. ನಮ್ಮ ಭೀಮಾ, ಕಾರಂಜಾದಿಂದ ಹಿಡಿದು ತಂದರೂ ಅವು ಹೊರಗಿನಿಂದ ತಂದು ಬಿಟ್ಟ ಮರಿಯ ಸಂತತಿಯೇ, ಹೊಸ ರಕ್ತವೆಂದು ನಂಬಬೇಡಿ.

25 ಜೋಡಿ ಇಡಿ. ಪ್ರತಿ ಜೋಡಿಯಿಂದ ಸಮ ಸಂಖ್ಯೆಯ ಮರಿಯನ್ನು ಆರಿಸದೆ ಎತ್ತಿಟ್ಟು ಮುಂದಿನ ತಾಯಿಮೀನಾಗಿ ಬೆಳೆಸಿ. ದೊಡ್ಡದನ್ನು ಸಂತೆಗೆ ಮಾರಿ ಉಳಿದದ್ದನ್ನು ತಾಯಿಮೀನು ಮಾಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ: ನಿಧಾನವಾಗಿ ಬೆಳೆಯುವ ಗುಣವನ್ನೇ ಆರಿಸಿದಂತೆ. ಮಳೆಗಾಲದ ಆರಂಭದಲ್ಲಿ ಮೊದಲು ಬಲಿತವನ್ನೇ ಪ್ರತಿ ವರ್ಷ ಮೊಟ್ಟೆ ಇಡಿಸುವ ಚುಚ್ಚುಮದ್ದಿಗೆ ಹಿಡಿಯುವುದೂ ತಳಿಯನ್ನು ನಿಮಗರಿವಿಲ್ಲದೆ ಬದಲಿಸುತ್ತದೆ. ಹಂಗಾಮಿನ ನಡುವೆ, ಕೊನೆಗೆ ಬಲಿತವನ್ನೂ ಸೇರಿಸಿ. ಮೊಟ್ಟೆ ಇಡಿಸುವಾಗ ಕಾಟ್ಲಾ, ರೋಹುವನ್ನು ಒಂದೇ ತೊಟ್ಟಿಗೆ ಬಿಡಬೇಡಿ, ಬೆರಕೆ ಮರಿ ಹುಟ್ಟುತ್ತವೆ.

ಪ್ರಶ್ನೆ: ಜಯಂತಿ ರೋಹು ಸಾಕಿದ್ದೇನೆ. ಅತಿ ದೊಡ್ಡ ನಾಲ್ಕನ್ನು ಮರಿಗಾಗಿ ಉಳಿಸಲೇ?
– ಓದುಗರು, ಶಹಾಪುರ

ಉತ್ತರ: ಬೇಡ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಸಾಕಣೆ ಸಂಸ್ಥೆ ಐದು ನದಿಗಳ ಮೀನನ್ನೂ ತನ್ನ ಹೊಂಡದ ತಳಿಯನ್ನೂ ಸೇರಿಸಿ, ಕುಟುಂಬವಾರು ಗುರುತು ಹಾಕಿ ಆರಿಸಿದ ತಳಿ ಅದು. ಪೀಳಿಗೆಗೆ ಸರಾಸರಿ ಶೇ. 17ರಷ್ಟು ಹೆಚ್ಚು ಬೆಳವಣಿಗೆ ಬಂದದ್ದು ಹಾಗೆ. ನಿಮ್ಮ ಹೊಂಡದ ದೊಡ್ಡ ನಾಲ್ಕು ಒಂದೇ ತಾಯಿಯ ಮಕ್ಕಳಾಗಿರಬಹುದು, ಇಲ್ಲವೇ ಮೊದಲು ಮೇವು ಕಸಿದು ಬೆಳೆದವು. ಅವನ್ನು ಮಾರಿ, ಅಧಿಕೃತ ಮೂಲದಿಂದ ಹೊಸ ಮರಿ ತನ್ನಿ. ತರುವಾಗ ಎಷ್ಟು ಜೋಡಿಯಿಂದ ಬಂದವು, ತಾಯಿಮೀನು ಯಾವಾಗ ಬದಲಾಯಿತು ಎಂದು ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿ.