ಲ್ಯಾಪ್‌ಟಾಪ್‌ಗೆ ಕಂಪನಿ ನಿಗಾ ಸಾಫ್ಟ್‌ವೇರ್ ಹಾಕಿದರೆ ಕೆಲಸ ಮಾಡುವವರಿಗೆ ಏನಾಗುತ್ತದೆ?

ಮುಂದಿನ ತಿಂಗಳಿಂದ ನಿಮ್ಮ ಲ್ಯಾಪ್‌ಟಾಪ್‌ಗೂ ನಿಗಾ ಸಾಫ್ಟ್‌ವೇರ್ ಬರುತ್ತದೆ, ಭಯವಾಗಿದೆ ಎಂದು ಬರೆದಿದ್ದೀರಿ. ನಾನು ಕೊಡಗಿನ ನಾಪೋಕ್ಲು ಹತ್ತಿರದ ಮನೆಯಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಈಗಾಗಲೇ ಇದೆ.

ಕೆಲಸ ನಡೆಯುತ್ತಿದೆ ಎನ್ನಲು ಅದು ನೋಡುವುದು ಕೀಬೋರ್ಡ್, ಮೌಸ್ ಅಲ್ಲಾಡಿದ್ದನ್ನು ಮಾತ್ರ. ಜೊತೆಗೆ ಆಗಾಗ ಸ್ಕ್ರೀನ್‌ಶಾಟ್ ತೆಗೆಯುತ್ತದೆ. ಲೆಕ್ಕ ತಾಳೆಯಾಗದ ಬಿಲ್ ಬಂದರೆ ನಾನು ನೋಟ್‌ಬುಕ್ ತೆಗೆದು ಪೆನ್ನಲ್ಲಿ ಕೂಡಿ ಕಳೆದು ನೋಡುತ್ತೇನೆ. ನನ್ನ ಕೆಲಸದಲ್ಲಿ ತಲೆ ಜಾಸ್ತಿ ಓಡುವುದು ಆಗಲೇ. ರಿಪೋರ್ಟಿನಲ್ಲಿ ಮಾತ್ರ ಆ ಹೊತ್ತು 'ಐಡಲ್', ಅಂದರೆ ಸುಮ್ಮನೆ ಕೂತದ್ದು. ಹಾಗಾಗಿ ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಸುಮ್ನೆ ಮೌಸ್ ಆಡಿಸುವುದು. ಮಧ್ಯೆ ಗಮನ ತಪ್ಪಿದರೆ ಮತ್ತೆ ಮೊದಲಿಂದ ಕೂಡಬೇಕು.

ಜುಲೈ ಮಳೆಯಲ್ಲಿ ಇನ್ನೂ ಕಷ್ಟ. ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಟವರಿನ ಬ್ಯಾಟರಿ ಇಳಿದರೆ ನೆಟ್‌ವರ್ಕೂ ಇಲ್ಲ. ರಾತ್ರಿ ಕೂತು ಅಷ್ಟೂ ಬಿಲ್ ಮುಗಿಸಿದರೂ ಹಗಲು ಖಾಲಿ ಇದ್ದದ್ದಕ್ಕೆ ಕಾರಣ ಬರೆದು ಕೊಡಬೇಕು. ಸೋಮಾರಿ ಅಂದುಕೊಂಡರೇನೋ ಅನ್ನುವ ಅಳುಕು ಊಟಕ್ಕೆ ಕೂತಾಗಲೂ ಬಿಡುವುದಿಲ್ಲ. ಮನಸ್ಸಿಗೆ ನೋವಾಗುವುದು ಅದೇ.

ಹೋಗಲಿ, ಕಂಪನಿಗಾದರೂ ಲಾಭ ಇದೆಯಾ? ಇಂಥ ನಿಗಾ ಬಗ್ಗೆ ಆಗಿದ್ದ ಹತ್ತಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಸಂಶೋಧನೆಯೊಂದು 2022ರಲ್ಲಿ 'ಪರ್ಸನೆಲ್ ಸೈಕಾಲಜಿ' ಪತ್ರಿಕೆಯಲ್ಲಿ ಬಂತು. ಕೆಲಸ ಸುಧಾರಿಸುತ್ತದೆ ಎನ್ನಲು ಅವರಿಗೆ ಪುರಾವೆ ಸಿಗಲಿಲ್ಲ. ಒತ್ತಡ ಮಾತ್ರ ಸ್ವಲ್ಪ ಏರಿತ್ತು. ಏನು, ಯಾಕೆ ನೋಡುತ್ತೇವೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದ ಕಡೆ ಜನರ ಅಸಮಾಧಾನ ಕಡಿಮೆ ಇತ್ತು.

ಹಾಗಾಗಿ ಸಾಫ್ಟ್‌ವೇರ್ ಬರುವ ಮೊದಲೇ ಮೇಲ್ ಮಾಡಿ ಕೇಳಿ. ಕ್ಯಾಮೆರಾ, ಮೈಕ್ ಆನ್ ಆಗುತ್ತದಾ? ಸ್ಕ್ರೀನ್‌ಶಾಟ್ ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ? ನನ್ನ ರಿಪೋರ್ಟ್ ನನಗೂ ಕಾಣುತ್ತದಾ? ಫೋನಿನಲ್ಲಿ, ಕಾಗದದ ಮೇಲೆ ಮಾಡಿದ ಕೆಲಸ ಎಲ್ಲಿ ಬರೆಯಬೇಕು? ನಮ್ಮ ಟೀಮಿನವರೆಲ್ಲ ಸೇರಿ ಈ ಕೊನೆಯದನ್ನು ಕೇಳಿದ ಮೇಲೆ 'ಆಫ್‌ಲೈನ್ ಕೆಲಸ' ಅಂತ ಒಂದು ಕಾಲಂ ಸೇರಿಸಿದರು. ಒಬ್ಬರೇ ಕೇಳಿದ್ದರೆ ಆಗುತ್ತಿರಲಿಲ್ಲ ಅನಿಸುತ್ತದೆ.

ಒಪ್ಪಿಗೆ ಕೊಡಲ್ಲ ಅಂತ ಪಟ್ಟು ಹಿಡಿಯುವುದು ಕಷ್ಟ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ, ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಅವಕಾಶ ಇಟ್ಟಿದ್ದಾರೆ. ಮೌಸ್ ತಾನಾಗಿ ಅಲ್ಲಾಡಿಸುವ ಸಾಧನ ಮಾತ್ರ ಖಂಡಿತ ಬೇಡ. ಕೀಬೋರ್ಡ್ ಓಡುತ್ತಿರುವಂತೆ ಸುಳ್ಳೇ ತೋರಿಸಿದರು ಎಂದು 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ತನ್ನ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆಯಿತು. ನಿಮ್ಮ ವಾಟ್ಸಾಪ್, ಬ್ಯಾಂಕ್ ಎಲ್ಲ ಇವತ್ತೇ ಆ ಲ್ಯಾಪ್‌ಟಾಪಿನಿಂದ ಲಾಗೌಟ್ ಮಾಡಿ, ಫೋನಿನಲ್ಲಿ ನೋಡಿಕೊಳ್ಳಿ.